ಹಾಸನ ಸೀಮೆಯ ಪಾದ್ರಿಯೂ ದೇವಿ ಹಾಕುವ ಕಲಿಕೆಯೂ
ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿಗೆ ಸಿಕ್ಕುವ ಶೆಟ್ಟಿಹಳ್ಳಿಯ ಹಾಳು ಇಗರ್ಜಿಯು 1860ರ ಸುಮಾರಿನದು. ಆ ಪ್ರಾಂತದಲ್ಲಿ ಫ್ರೆಂಚ್ ಪಾದ್ರಿಗಳ ಕಾರ್ಯವಾದರೋ ಅದಕ್ಕಿಂತ ಹಳೆಯದು. ಹಾಸನದ ಬಳಿ ಕ್ರೈಸ್ತ ಬೇಸಾಯಗಾರರನ್ನು ನೆಲೆಗೊಳಿಸಿದ ಅಬ್ಬೆ ದುಬಾಯ್ ವೈದ್ಯನಲ್ಲ. ಆದರೂ 1803-04ರಲ್ಲಿ ಮೈಸೂರು ಸೀಮೆಯೊಳಗೆ ಆತನ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ಸಿಡುಬಿನ ದೇವಿ ಹಾಕಿದುದಾಗಿ ಲೆಕ್ಕವಿದೆ. ಇದು ಒಂದೇ ಕೈಯಿಂದ ಆಗುವ ಕೆಲಸವಲ್ಲ. ಪಳಗಿದ ಸಹಾಯಕರು ಇದ್ದಿರಲೇಬೇಕು. ಅವರಿಗೆ ಬೇಕಾದುದು ಗ್ರಂಥಪಾಂಡಿತ್ಯವಲ್ಲ. ಎಂಟನೆಯ ದಿನದ ತಿಳಿಗುಳ್ಳೆಯನ್ನು ಗುರುತಿಸುವುದು, ಕೀವಾಗುವ ಮುನ್ನವೇ ಅದರ ರಸವನ್ನು ತೆಗೆಯುವುದು, ನೆತ್ತರು ಹರಿಯದಂತೆ ಮತ್ತೊಂದು ಮಗುವಿನ ತೋಳನ್ನು ಗೀರುವುದು, ಇಷ್ಟೇ ವಿದ್ಯೆ. ಶೀತಲೀಕರಣವಿಲ್ಲದ ಆ ಕಾಲದಲ್ಲಿ ತೋಳಿನಿಂದ ತೋಳಿಗೆ ಸಾಗುವುದೇ ರಸಕ್ಕಿದ್ದ ಮುಖ್ಯ ದಾರಿ. ಒಂದು ದಿನ ತಡವಾದರೆ ಸರಪಳಿಯು ಕಡಿದು, ಮುಂದಿನ ಊರಿನ ಮಕ್ಕಳು ಮೈಲಿಬೇನೆಗೆ ಬರಿಮೈಯಲ್ಲಿ ಉಳಿಯುತ್ತಿದ್ದರು.