ಟೆರೊಡಾಕ್ಟಿಲಿನ ಮೊದಲ ರೂಪಚಿತ್ರ

ಟೆರೊಸಾರ್ ಎಂಬ ಹಾರುವ ಸರೀಸೃಪಗಳು ಭೂಮಿಯಿಂದ ಅಳಿದು ಆರೂವರೆ ಕೋಟಿ ವರ್ಷಗಳಾದವು. ಕಲ್ಲಿನಲ್ಲಿ ಉಳಿದಿರುವ ಅವುಗಳ ಎಲುಬುಗಳ ಮೇಲೆ ಮಾಂಸವನ್ನೂ ಚರ್ಮವನ್ನೂ ಊಹಿಸಿ, ಜೀವಂತವಾಗಿದ್ದಾಗಿನ ರೂಪವನ್ನು ಬರೆದು ತೋರಿಸುವ ಪ್ರಯತ್ನಕ್ಕೆ ಮಾತ್ರ ಇನ್ನೂರು ವರ್ಷಗಳಿಗೆ ಮೀರಿದ ಚರಿತ್ರೆಯುಂಟು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಹೇಳುವ ಬಗೆಯೇನೆಂದರೆ: ಪ್ಯಾರಿಸಿನ ಜಾರ್ಜ್ ಕುವಿಯೆ ಎಂಬ ಅಂಗರಚನಾಶಾಸ್ತ್ರಜ್ಞನು ಸತ್ಯವನ್ನು ಕಂಡನು, ಉಳಿದವರು ಬಾವಲಿಯೆಂದೂ ಜಲಚರವೆಂದೂ ತಡವರಿಸಿದರು. ಪ್ರಾಣಿಯು ಯಾವ ವರ್ಗಕ್ಕೆ ಸೇರಿದುದೆಂಬುದರ ಮಟ್ಟಿಗೆ ಇದು ದಿಟ. ಅದರ ರೂಪದ ಮಟ್ಟಿಗೆ ಹಾಗೆ ಹೇಳಲಾಗದೆಂದು ನನ್ನ ಅಭಿಪ್ರಾಯ. 2002ರಲ್ಲಿ ಬೆಳಕಿಗೆ ಬಂದ ಒಂದು ಹಳೆಯ ಕಾಗದವು ಈ ಭೇದವನ್ನು ಸ್ಪಷ್ಟಪಡಿಸುತ್ತದೆ.

ಮೊದಲ ಪಳೆಯುಳಿಕೆಯು ದೊರೆತುದು ಬವೇರಿಯಾದ ಐಖ್‌ಷ್ಟೆಟ್ ಸೀಮೆಯ ಸುಣ್ಣಕಲ್ಲಿನಲ್ಲಿ. ಸುಮಾರು ಹದಿನೈದು ಕೋಟಿ ವರ್ಷಗಳ ಹಿಂದೆ ಕೆಸರಾಗಿ ಇಳಿದು ಗಟ್ಟಿಯಾದ ಈ ಕಲ್ಲು ಬಹು ನಯವಾದುದು. 1796ರ ಸುಮಾರಿಗೆ ಸೆನೆಫೆಲ್ಡರನು ಕಲ್ಲಚ್ಚಿನ ಮುದ್ರಣವನ್ನು ಕಂಡುಹಿಡಿದುದೂ ಆ ಪ್ರಾಂತದ ಕಲ್ಲಿನ ಮೇಲೆಯೇ. ನಮ್ಮಲ್ಲಿ 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತೆಂಬುದನ್ನು ವಾಚಕರು ಬಲ್ಲರು. ಎಲುಬಿನ ಸೂಕ್ಷ್ಮರೇಖೆಗಳನ್ನು ಕೂಡ ಕಾಪಾಡಬಲ್ಲ ಈ ಕಲ್ಲಿನ ತುಂಡೊಂದು ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಥಿಯೊಡೋರ್ ದೊರೆಯ ಸಂಗ್ರಹಾಲಯವನ್ನು ಸೇರಿತು. ಅಲ್ಲಿನ ಅಧಿಕಾರಿಯಾಗಿದ್ದ ಕಾಸಿಮೊ ಕೊಲ್ಲಿನಿಯು 1784ರಲ್ಲಿ ಅದನ್ನು ವರ್ಣಿಸಿದನು. ಇವನು ಹಿಂದೆ ವಾಲ್ಟೇರನಲ್ಲಿ ಕಾರ್ಯದರ್ಶಿಯಾಗಿದ್ದವನು. ಮುಂಗಾಲಿನ ಒಂದು ಬೆರಳು ಮಿತಿಮೀರಿ ನೀಳವಾಗಿರುವುದನ್ನು ಅವನು ಕಂಡನು. ಆದರೆ ಹಾರಾಟವನ್ನು ಊಹಿಸಲಿಲ್ಲ. ಪ್ರಾಣಿಯು ಸಮುದ್ರದ್ದಾಗಿರಬೇಕೆಂದನು. ಅದಕ್ಕೆ ಕಾರಣ ಎಲುಬುಗಳಲ್ಲ: ಮನುಷ್ಯನು ಅರಿಯದ ಜೀವಿಗಳು ಇನ್ನೂ ಅಡಗಿರಬಹುದಾದ ಸ್ಥಳ ಸಮುದ್ರದ ಆಳವೇ ಎಂಬ ಭಾವನೆ.

ಸ್ಟ್ರಾಸ್‌ಬರ್ಗಿನ ಪ್ರಾಧ್ಯಾಪಕ ಜಾನ್ ಹರ್ಮನ್ ಆ ಕಲ್ಲನ್ನು ತಾನಾಗಿ ಪರೀಕ್ಷಿಸಿದವನಲ್ಲ. ಆದರೂ 1800ರ ಮಾರ್ಚಿಯಲ್ಲಿ ಕುವಿಯೆಗೆ ಒಂದು ಕಾಗದವನ್ನು ಬರೆದನು. ನೆಪೋಲಿಯನ್ನನ ಸೈನ್ಯವು ಅದನ್ನು ಕೊಳ್ಳೆಯ ಒಡವೆಗಳೊಡನೆ ಪ್ಯಾರಿಸಿಗೆ ಸಾಗಿಸಿರಬಹುದೆಂದು ಅವನ ಎಣಿಕೆ. (ವಾಸ್ತವವಾಗಿ ಅದು ಫ್ರೆಂಚರ ಕೈಗೆ ಸಿಕ್ಕಿರಲಿಲ್ಲ, 1802ರಲ್ಲಿ ಮ್ಯೂನಿಕ್ಕಿಗೆ ಹೋಯಿತು.) ಕಾಗದದೊಡನೆ ಒಂದು ಚಿತ್ರವೂ ಇದ್ದಿತು. ಟೆರೊಸಾರಿನ ಜೀವಂತರೂಪವನ್ನು ತೋರಿಸುವ ಚಿತ್ರಗಳಲ್ಲಿ ನಮಗೆ ತಿಳಿದಮಟ್ಟಿಗೆ ಇದೇ ಮೊದಲನೆಯದು. ಹರ್ಮನ್ನನ ಮತದಲ್ಲಿ ಅದು ಬಾವಲಿಗೂ ಹಕ್ಕಿಗೂ ನಡುವಣ ಒಂದು ಸಸ್ತನಿ. ಆದಕಾರಣ ನೀಳವಾದ ನಾಲ್ಕನೆಯ ಬೆರಳಿನ ತುದಿಯಿಂದ ಹಿಂಗಾಲಿನ ಕಣಕಾಲಿನವರೆಗೆ ಪೊರೆಯನ್ನು ಎಳೆದನು. ಕೊರಳಿಗೂ ಮಣಿಕಟ್ಟಿಗೂ ನಡುವೆ ಇನ್ನೊಂದು ಚಿಕ್ಕ ಪೊರೆಯನ್ನು ಸೇರಿಸಿದನು. ಮೈತುಂಬ ರೋಮವನ್ನು ಬರೆದನು. ಕಲ್ಲಿನಲ್ಲಿ ಪೊರೆಯ ಗುರುತಾಗಲಿ ರೋಮದ ಗುರುತಾಗಲಿ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಹರ್ಮನ್ ತೀರಿಕೊಂಡನು.

ಕುವಿಯೆಯು ಹಾರಾಟದ ಮಾತನ್ನು ಒಪ್ಪಿ 1800ರ ಡಿಸೆಂಬರಿನಲ್ಲಿ ಚಿಕ್ಕದೊಂದು ವರ್ಣನೆಯನ್ನು ಪ್ರಕಟಿಸಿದನು. ವರ್ಗದ ವಿಷಯದಲ್ಲಿ ಮಾತ್ರ ಅವನು ಹರ್ಮನ್ನನನ್ನು ಒಪ್ಪಲಿಲ್ಲ. ಇದು ಸರೀಸೃಪವೆಂದು ನಿರ್ಣಯಿಸಿ, 1809ರಲ್ಲಿ 'ರೆಕ್ಕೆ ಬೆರಳು' ಎಂಬರ್ಥದ ಟೆರೊಡಾಕ್ಟಿಲ್ ಎಂಬ ಹೆಸರನ್ನು ಕೊಟ್ಟನು. ಈ ನಿರ್ಣಯದ ಗೌರವವನ್ನು ಯಾರೂ ಕಡಿಮೆಮಾಡಲಾರರು. ಹಾಗಿದ್ದರೂ ಎಲ್ಲರೂ ಒಪ್ಪಲು ಬಹುಕಾಲ ಹಿಡಿಯಿತು. 1812ರಲ್ಲಿ ಸಮ್ಮರಿಂಗನು ಅದನ್ನು ಬಾವಲಿಯ ಬಂಧುವೆಂದನು. 1830ರಲ್ಲಿ ವಾಗ್ಲರನು ರೆಕ್ಕೆಗಳನ್ನು ಈಜುವ ಹುಟ್ಟುಗಳನ್ನಾಗಿ ಬರೆದನು. 1843ರಲ್ಲಿ ಎಡ್ವರ್ಡ್ ನ್ಯೂಮನ್ನನು ಕಿವಿಯನ್ನೂ ರೋಮವನ್ನೂ ಕೊಟ್ಟು ಹೊಟ್ಟೆಚೀಲದ ಬಾವಲಿಯನ್ನಾಗಿಸಿದನು. ಈ ಚಿತ್ರವನ್ನು ನೋಡಿ ನಗುವುದು ಸುಲಭ.

ಆದರೆ ಸರಿಯಾದ ವರ್ಗವನ್ನು ಬಲ್ಲವರು ಏನು ಬರೆದರು? ಲಂಡನ್ನಿನ ಸಿಡನ್‌ಹ್ಯಾಂ ಉದ್ಯಾನದಲ್ಲಿ 1854ರಲ್ಲಿ ವಾಟರ್‌ಹೌಸ್ ಹಾಕಿನ್ಸನು ಪ್ರಾಚೀನ ಪ್ರಾಣಿಗಳ ಪ್ರತಿಮೆಗಳನ್ನು ನಿಲ್ಲಿಸಿದನು. ರಿಚರ್ಡ್ ಓವೆನ್ನನಂತಹ ಪ್ರಮಾಣಪುರುಷನು ಅದಕ್ಕೆ ಸಲಹೆಗಾರನು. ಅಲ್ಲಿನ ಟೆರೊಡಾಕ್ಟಿಲುಗಳ ಮೈಮೇಲೆ ಸಾಲುಸಾಲಾಗಿ ಹುರುಪೆಗಳಿವೆ. ಯಾವ ಕಲ್ಲಿನಲ್ಲಿಯೂ ಅಂತಹ ಹುರುಪೆಯನ್ನು ಕಂಡವರಿರಲಿಲ್ಲ. ಸರೀಸೃಪವೆಂದಮೇಲೆ ಹುರುಪೆ ಇರಲೇಬೇಕೆಂಬುದಷ್ಟೇ ಆಧಾರ. ಹರ್ಮನ್ನನು ಬಾವಲಿಯನ್ನು ನೆನೆದು ರೋಮವನ್ನು ಬರೆದನು, ಹಾಕಿನ್ಸನು ಹಲ್ಲಿ ಮೊಸಳೆಗಳನ್ನು ನೆನೆದು ಹುರುಪೆಯನ್ನು ಮಾಡಿದನು. ಇಬ್ಬರ ಕ್ರಮವೂ ಒಂದೇ. ಒಬ್ಬನ ಪ್ರಮೇಯ ತಪ್ಪು, ಚಿತ್ರ ದಿಟಕ್ಕೆ ಸಮೀಪ. ಇನ್ನೊಬ್ಬನ ಪ್ರಮೇಯ ಸರಿ, ಪ್ರತಿಮೆ ದೂರ. ಲಕ್ಷಾಂತರ ಜನರು ನೋಡಿದುದು ಪ್ರತಿಮೆಯನ್ನು. ಚಿತ್ರವು ಕಾಗದಗಳ ನಡುವೆ ಹುದುಗಿದ್ದಿತು.

ಸಾಕ್ಷ್ಯವೇ ಇರಲಿಲ್ಲವೆಂದು ಹಾಕಿನ್ಸನ ಪರವಾಗಿ ಹೇಳುವಂತಿಲ್ಲ. ಬಾನ್ ನಗರದ ಗೋಲ್ಡ್‌ಫೂಸನು 1831ರಲ್ಲಿ ಒಂದು ಹೊಸ ಟೆರೊಸಾರನ್ನು ವರ್ಣಿಸುತ್ತ, ಅದರ ಕಲ್ಲಿನಲ್ಲಿ ರೋಮದ ಗುರುತುಗಳಿವೆಯೆಂದು ಬರೆದಿದ್ದನು. ಅವನ ಮಾತನ್ನು ಬಹುಮಂದಿ ನಂಬಲಿಲ್ಲ. ಅದೇ ಕಲ್ಲನ್ನು ಅತಿನೇರಳೆ ಬೆಳಕಿನಲ್ಲಿ ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ, ಗೋಲ್ಡ್‌ಫೂಸನೇ ಸರಿಯೆಂದು ಸಾರಿದರು. ನೂರೆಂಬತ್ತೇಳು ವರ್ಷ ಕಾಯಬೇಕಾಯಿತು! ನಡುವೆ 1927ರಲ್ಲಿ ಬ್ರೊಯ್ಲಿಯು ರೋಮದ ಕುರುಹನ್ನು ವರದಿಮಾಡಿದ್ದನು. 1971ರಲ್ಲಿ ಷರೋವ್ ಎಂಬ ರಷ್ಯನ್ ವಿದ್ವಾಂಸನು ಕಜಕಸ್ತಾನದ ಕರಾಟೌ ಬೆಟ್ಟಗಳ ಪಳೆಯುಳಿಕೆಯೊಂದಕ್ಕೆ ಸಾರ್ಡೆಸ್ ಪೈಲೋಸಸ್ ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ 'ಕೂದಲುಳ್ಳ' ಎಂದೇ ಅರ್ಥ. ಇದರಿಂದ ಸಂಶಯವು ಬಹುಮಟ್ಟಿಗೆ ತೀರಿತು.

ಹಾಗೆಂದು ಹರ್ಮನ್ನನು ಎಲ್ಲವನ್ನೂ ಕಂಡನೆನ್ನುವುದು ಅತಿಯಾದೀತು. ಟೆರೊಸಾರಿನ ತಂತುಗಳು ಸಸ್ತನಿಗಳ ರೋಮವಲ್ಲ, ಬೇರೆಯಾಗಿಯೇ ಹುಟ್ಟಿದವು. 2022ರಲ್ಲಿ ವರ್ಣಿತವಾದ ಬ್ರೆಜಿಲ್ ದೇಶದ ತಲೆಬುರುಡೆಯೊಂದರಲ್ಲಿ ಕವಲೊಡೆದ ತಂತುಗಳೂ, ಅವುಗಳಲ್ಲಿ ಬೇರೆಬೇರೆ ಆಕಾರದ ವರ್ಣಕಣಗಳೂ ಕಂಡುಬಂದುದರಿಂದ, ಇವು ಗರಿಗಳ ಬಂಧುಗಳೆಂದು ಹಲವರ ಮತ. ಇಂತಹ ತಂತುಗಳಲ್ಲಿ ಕೆಲವು ರೆಕ್ಕೆಪೊರೆಯೊಳಗಿನ ಎಳೆಗಳಿರಬಹುದೆಂದು ಆಕ್ಷೇಪಿಸುವವರೂ ಉಂಟು.

ಕಣಕಾಲಿನವರೆಗೆ ಎಳೆದ ಪೊರೆಯ ಕಥೆಯೂ ಇಂತಹುದೇ. 1980ರ ದಶಕದಲ್ಲಿ ಕೆವಿನ್ ಪೇಡಿಯನ್ ಎಂಬ ಅಮೆರಿಕನ್ ವಿದ್ವಾಂಸನು ಟೆರೊಸಾರಿನ ರೆಕ್ಕೆಯು ಹಕ್ಕಿಯದರಂತೆ ಕಿರಿದು, ಅದು ಹಿಂಗಾಲನ್ನು ಮುಟ್ಟುತ್ತಿರಲಿಲ್ಲ, ಪ್ರಾಣಿಯು ಎರಡೇ ಕಾಲುಗಳಲ್ಲಿ ನಡೆಯುತ್ತಿದ್ದಿತು ಎಂದು ಬಲವಾಗಿ ವಾದಿಸಿದನು. ಅನೇಕ ಚಿತ್ರಕಾರರು ಅದರಂತೆಯೇ ಬರೆದರು. ಅನಂತರ ಫ್ರಾನ್ಸಿನ ಕ್ರೇಸಾಕ್ ಎಂಬಲ್ಲಿ ದೊರೆತ ಹೆಜ್ಜೆಗುರುತುಗಳು ನಾಲ್ಕು ಕಾಲಿನ ನಡಿಗೆಯನ್ನು ತೋರಿಸಿದವು, ಪೊರೆಯು ಹಿಂಗಾಲಿಗೆ ಅಂಟಿದ್ದಿತೆಂಬ ಪಕ್ಷವೂ ಬಲಗೊಂಡಿತು. ಹರ್ಮನ್ನನ ಚಿತ್ರವನ್ನು 2004ರಲ್ಲಿ ಫಿಲಿಪ್ ಟಾಕೆಯೊಡನೆ ಸೇರಿ ವಿದ್ವತ್‌ಪ್ರಪಂಚದ ಮುಂದಿಟ್ಟವನು ಈ ಪೇಡಿಯನ್ನನೇ.