ಮುಪ್ಪಿನ ಗೆಳೆಯನಿಗೊಂದು ಲಸಿಕೆ

ಲಸಿಕೆ ಎಂದೊಡನೆ ಕಣ್ಣ ಮುಂದೆ ಬರುವುದು ಅಳುವ ಕೂಸು, ಅಜ್ಜನಲ್ಲ. ಹಣ್ಣೆಲೆ ಉದುರುವುದು ಸಹಜ ಎಂಬ ಭಾವನೆ ಹಿಂದೆ ವೈದ್ಯರಲ್ಲೂ ಬೇರೂರಿತ್ತು. ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ 1898ರಲ್ಲಿ ತಮ್ಮ ಪಠ್ಯಪುಸ್ತಕದ ಹೊಸ ಆವೃತ್ತಿಯಲ್ಲಿ ನ್ಯುಮೋನಿಯಾವನ್ನು ವೃದ್ಧರ ಗೆಳೆಯನೆಂದೇ ಬಣ್ಣಿಸಿದರು. ಹೆಚ್ಚು ನರಳಿಸದೆ ಬೇಗ ಕರೆದೊಯ್ಯುತ್ತದೆ ಎಂಬುದು ಅವರ ಸಮಾಧಾನ. 1919ರಲ್ಲಿ, 70ರ ವಯಸ್ಸಿನಲ್ಲಿ, ಅದೇ ಕಾಯಿಲೆ ಆಸ್ಲರರನ್ನು ಹಿಡಿಯಿತು. ಗೆಳೆಯ ಅವಸರ ತೋರಲಿಲ್ಲ. ಎದೆಗೂಡಿನಲ್ಲಿ ಕೀವು ತುಂಬಿ, ಶಸ್ತ್ರಚಿಕಿತ್ಸೆಯೂ ಆಗಿ, ವಾರಗಟ್ಟಲೆ ನರಳಿದ ಮೇಲೆ ಡಿಸೆಂಬರ್ 29ರಂದು ಆಕ್ಸ್‌ಫರ್ಡಿನಲ್ಲಿ ಅವರು ತೀರಿಕೊಂಡರು.

ಈ ರೋಗಕ್ಕೆ ಒಂದು ಮುಖ್ಯ ಕಾರಣ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲೆ ಸಕ್ಕರೆಯ ಸರಪಳಿಗಳಿಂದಾದ ಕವಚವಿದೆ. ಕವಚದ ರಚನೆಗೆ ತಕ್ಕಂತೆ ನೂರರಷ್ಟು ಬಗೆಗಳಿವೆ. ಒಂದರ ವಿರುದ್ಧ ಗಳಿಸಿದ ರಕ್ಷಣೆ ಇನ್ನೊಂದಕ್ಕೆ ಸಾಮಾನ್ಯವಾಗಿ ಸಾಲದು. ಆ ಸಕ್ಕರೆಯನ್ನೇ ಶುದ್ಧಗೊಳಿಸಿ ತಯಾರಿಸಿದ, ಆರು ಬಗೆಗಳನ್ನು ತಡೆಯುವ ಲಸಿಕೆ 1940ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಕೇಳುವವರೇ ಇರಲಿಲ್ಲ. ಪೆನಿಸಿಲಿನ್ ಕೈಯಲ್ಲಿತ್ತು, ಕಾಯಿಲೆ ಬಂದಾಗ ಕೊಟ್ಟರಾಯಿತು, ಬರುವ ಮುಂಚೆ ಚುಚ್ಚುವುದೇಕೆ? ತಯಾರಕರು ಲಸಿಕೆಯನ್ನು ಹಿಂದಕ್ಕೆ ಪಡೆದರು.

ಈ ನಂಬಿಕೆಯನ್ನು ಅಲುಗಿಸಿದವರು ರಾಬರ್ಟ್ ಆಸ್ಟ್ರಿಯನ್. ನ್ಯೂಯಾರ್ಕ್‌ನ ಬ್ರೂಕ್ಲಿನ್ ಆಸ್ಪತ್ರೆಯೊಂದರಲ್ಲಿ ಅವರು 1952ರಿಂದ ಹತ್ತು ವರ್ಷಗಳ ಕಾಲ ರೋಗಿಗಳ ಲೆಕ್ಕವಿಟ್ಟರು. ಅವರೂ ಸಹೋದ್ಯೋಗಿ ಜೆರೋಮ್ ಗೋಲ್ಡ್ ಅವರೂ 1964ರಲ್ಲಿ ಪ್ರಕಟಿಸಿದ ಫಲಿತಾಂಶ ದಿಗಿಲು ಹುಟ್ಟಿಸುವಂಥದು: ರೋಗಾಣು ರಕ್ತಕ್ಕೆ ಇಳಿದವರಲ್ಲಿ ಮೊದಲ ಐದು ದಿನಗಳೊಳಗಿನ ಸಾವನ್ನು ಪೆನಿಸಿಲಿನ್ ತಡೆದಿರಲಿಲ್ಲ. ಔಷಧಿ ತಲುಪುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು.

ಆಸ್ಟ್ರಿಯನ್ ಮತ್ತೆ ಲಸಿಕೆಯ ಬೆನ್ನು ಹತ್ತಿದರು. ಅಮೆರಿಕದಲ್ಲಿ 14 ಬಗೆಗಳ ಲಸಿಕೆಗೆ 1977ರಲ್ಲಿ, 23 ಬಗೆಗಳದಕ್ಕೆ 1983ರಲ್ಲಿ ಪರವಾನಗಿ ದೊರೆಯಿತು. ಒಂದು ತೊಡಕು ಮಾತ್ರ ಉಳಿಯಿತು. ಪರೀಕ್ಷೆ ಮುಖ್ಯವಾಗಿ ನಡೆದದ್ದು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಹರೆಯದ ಕಾರ್ಮಿಕರ ಮೇಲೆ, ಚುಚ್ಚಬೇಕಾದದ್ದು ವೃದ್ಧರಿಗೆ. ಮುಪ್ಪಿನ ದೇಹ ಅಷ್ಟೇ ಚುರುಕಾಗಿ ಪ್ರತಿರೋಧ ಒಡ್ಡೀತೇ ಎಂಬ ವಾದ ದಶಕಗಟ್ಟಲೆ ನಡೆಯಿತು. ಮುಂದೆ, ಕವಚದ ಸಕ್ಕರೆಗೆ ಪ್ರೋಟೀನ್ ಬೆಸೆದ ಹೊಸ ಲಸಿಕೆಯನ್ನು ನೆದರ್‌ಲ್ಯಾಂಡ್ಸ್‌ನಲ್ಲಿ 65 ತುಂಬಿದ 84,000ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಲಾಯಿತು. 2015ರಲ್ಲಿ ಪ್ರಕಟವಾದ ವರದಿಯಂತೆ, ಲಸಿಕೆಯೊಳಗಿನ ಬಗೆಗಳಿಂದ ಬರುವ ನ್ಯುಮೋನಿಯಾ ಸುಮಾರು ಶೇ 45ರಷ್ಟು ತಗ್ಗಿತ್ತು.

ವಿಚಿತ್ರವೆಂದರೆ, ಅದಕ್ಕೂ ಮೊದಲೇ ಅಜ್ಜ ಅಜ್ಜಿಯರನ್ನು ಕಾಪಾಡಿದ್ದು ಮೊಮ್ಮಕ್ಕಳ ಲಸಿಕೆ. ಎಳೆಯರ ಮೂಗು, ಗಂಟಲುಗಳೇ ಈ ರೋಗಾಣುವಿನ ತವರು. 2000ದಲ್ಲಿ ಅಮೆರಿಕದ ಕೂಸುಗಳಿಗೆ ಇಂಥದೇ ಲಸಿಕೆ ಕೊಡತೊಡಗಿದ ಮೇಲೆ, ಅದನ್ನು ಪಡೆಯದ ವೃದ್ಧರಲ್ಲೂ ಆ ಬಗೆಗಳ ಕಾಯಿಲೆ ಇಳಿಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿದ್ದು 2017ರಲ್ಲಿ, ಮಕ್ಕಳಿಗಾಗಿ.