ಕೋಣೆ, ರೊಟ್ಟಿ ಮತ್ತು ಅಲ್-ಅಝ್ಹರ್‌ನ ರಿವಾಕ್‌ಗಳು

ಮಕ್ಕಳು ಓದಲೆಂದು ಪರದೇಶಕ್ಕೆ ಹೊರಟು ನಿಂತಾಗ ನಾವು ವಿಶ್ವವಿದ್ಯಾಲಯದ ಹೆಸರು ಕೇಳುತ್ತೇವೆ, ಫೀಸು ಕೇಳುತ್ತೇವೆ. ತಾಯಂದಿರು ಕೇಳುವ ಪ್ರಶ್ನೆ ಬೇರೆ: ಅಲ್ಲಿ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ? ಇದನ್ನು ಸಣ್ಣ ಪ್ರಶ್ನೆ ಎಂದು ನಮ್ಮ ಹಿರಿಯರು ಎಂದೂ ಭಾವಿಸಲಿಲ್ಲ. ಮದೀನಾದ ಮಸೀದಿಯಲ್ಲಿ ಪ್ರವಾದಿ(ಸ)ಯವರ ಬಳಿ ಕಲಿಯಲು ಬಂದ ಮನೆಯಿಲ್ಲದ ಸಹಾಬಿಗಳಿಗೆ ಸುಫ್ಫಾ ಎಂಬ ನೆರಳಿನ ಜಾಗವಿತ್ತು. ಅಲ್ಲಿಂದ ಮುಂದೆ ಈ ಪ್ರಶ್ನೆಗೆ ಅತಿ ದೀರ್ಘ ಕಾಲ ಉತ್ತರ ಕೊಟ್ಟ ನಗರಗಳಲ್ಲಿ ಕೈರೋ ಒಂದು.

ಅಲ್-ಅಝ್ಹರ್ ಮಸೀದಿ ಫಾತಿಮಿಗಳ ಕಾಲದಲ್ಲಿ, 972ರಲ್ಲಿ ತೆರೆಯಿತು. 988ರಲ್ಲಿ ವಝೀರ್ ಇಬ್ನ್ ಕಿಲ್ಲಿಸ್‌ನ ಕೋರಿಕೆಯ ಮೇರೆಗೆ ಖಲೀಫ ಅಲ್-ಅಝೀಝ್ 35 ಮಂದಿ ಫಿಕ್ಹ್ ವಿದ್ವಾಂಸರಿಗೆ ವೇತನ ಗೊತ್ತುಮಾಡಿದ. ಜೊತೆಗೆ ಮಸೀದಿಯ ಪಕ್ಕದಲ್ಲೇ ಅವರಿಗೊಂದು ಮನೆ ಕಟ್ಟಿಸಿಕೊಟ್ಟ. ಪಾಠವೂ ವಸತಿಯೂ ಒಂದೇ ಏರ್ಪಾಡಿನಲ್ಲಿ ಬಂದದ್ದನ್ನು ಗಮನಿಸಬೇಕು.

ಕಾಲ ಕಳೆದಂತೆ ದೂರದೂರದ ವಿದ್ಯಾರ್ಥಿಗಳು ಬಂದರು. ಅವರು ಊರಿನ ಹೆಸರಿನಲ್ಲಿ ಗುಂಪಾಗಿ ನೆಲೆಸಿದ ಜಾಗಗಳೇ ರಿವಾಕ್‌ಗಳು. ಮಗ್ರಿಬಿನವರದ್ದು, ಶಾಮಿನವರದ್ದು, ತುರ್ಕರದ್ದು, ಜಬರ್ತಿಗಳದ್ದು, ಹಿಂದೂಸ್ತಾನದವರದ್ದು ಹೀಗೆ ಹಲವು. ಹೊಸಬನೊಬ್ಬ ಕೈರೋಗೆ ಬಂದಿಳಿದರೆ ಮನೆ ಹುಡುಕುತ್ತಾ ಬೀದಿ ಸುತ್ತಬೇಕಿರಲಿಲ್ಲ. ತನ್ನ ನಾಡಿನ ರಿವಾಕ್ ಎಲ್ಲಿದೆ ಎಂದು ಕೇಳಿದರೆ ಸಾಕು. ಅಲ್ಲೊಬ್ಬ ಶೇಖ್ ಇರುತ್ತಿದ್ದರು, ತನ್ನ ಭಾಷೆ ಬಲ್ಲವರು ಸಿಗುತ್ತಿದ್ದರು, ಬಟ್ಟೆ ಪುಸ್ತಕ ಇಡಲು ಪೆಟ್ಟಿಗೆಯೋ ಕಪಾಟೋ ಇರುತ್ತಿತ್ತು. ದಿನಕ್ಕೆ ಇಷ್ಟು ರೊಟ್ಟಿ ಎಂಬ ಪಾಲಿಗೆ ಜಿರಾಯ ಎನ್ನುತ್ತಿದ್ದರು. ಎಲ್ಲೋ ಒಬ್ಬ ವ್ಯಾಪಾರಿ ತನ್ನ ಅಂಗಡಿಯ ಬಾಡಿಗೆಯನ್ನು ಇಂಥ ರಿವಾಕ್‌ನ ರೊಟ್ಟಿಗೆಂದು ವಕ್ಫ್ ಮಾಡಿರುತ್ತಿದ್ದ. ತಿನ್ನುವವನು ಅವನ ಮುಖವನ್ನೂ ಕಂಡಿರುತ್ತಿರಲಿಲ್ಲ.

ಆದರೆ ನೆಲೆ ಎಂಬುದು ಯಾವಾಗಲೂ ಭದ್ರವಾಗಿರಲಿಲ್ಲ. ಇತಿಹಾಸಕಾರ ಮಕ್ರೀಝಿ ಹೇಳುವಂತೆ, 1415ರ ಸುಮಾರಿಗೆ ಅಝ್ಹರ್‌ನಲ್ಲಿ 750 ಮಂದಿ ವಾಸವಾಗಿದ್ದರು: ಅಜಮಿಗಳು, ಝೈಲಾದವರು, ಮಗ್ರಿಬಿಗಳು, ಈಜಿಪ್ಟಿನ ಹಳ್ಳಿಗರು. ಮಸೀದಿಯ ಉಸ್ತುವಾರಿ ವಹಿಸಿಕೊಂಡ ಅಮೀರ್ ಸೂದೂಬ್ ಅವರನ್ನೆಲ್ಲ ಹೊರಹಾಕಿದ. ಪೆಟ್ಟಿಗೆಗಳು, ಕಪಾಟುಗಳು, ಮುಸ್‌ಹಫ್ ಇಡುವ ಪೀಠಗಳು ಸಮೇತ ಎಲ್ಲವೂ ಹೊರಬಿದ್ದವು. ಮಸೀದಿ ಸ್ವಚ್ಛವಾಗಿರಲಿ ಎಂಬ ಉದ್ದೇಶವಿತ್ತೋ ಏನೋ, ಬೀದಿಗೆ ಬಿದ್ದವರಿಗೆ ಅದರಿಂದ ಸಮಾಧಾನವಾಗಿರಲಾರದು. ಹೆಚ್ಚು ದಿನ ಕಳೆಯುವ ಮೊದಲೇ ಸುಲ್ತಾನ ಆ ಅಮೀರನನ್ನೇ ಸೆರೆಹಿಡಿಸಿದ. ಮಕ್ರೀಝಿ ಇದನ್ನು ಬರೆದ ಧಾಟಿಯಲ್ಲಿ ಯಾರ ಪರ ನಿಂತಿದ್ದಾರೆಂಬುದು ಮುಚ್ಚುಮರೆಯಿಲ್ಲ.

ಅದೇ ಶತಮಾನದಲ್ಲಿ ಕೈರೋ ಮತ್ತು ಡಮಾಸ್ಕಸ್‌ನ ವಿದ್ವಾಂಸರನ್ನು ಕಂಡು, ನಂತರ ದಖ್ಖನ್ನಿಗೆ ಬಂದವರು ಗೀಲಾನಿನ ಮಹಮೂದ್ ಗವಾನ್. ಬಹಮನಿ ರಾಜ್ಯದ ಮಂತ್ರಿಯಾಗಿ 1472ರಲ್ಲಿ ಅವರು ನಮ್ಮ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸಾದಲ್ಲಿ ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಉಸ್ತಾದರಿಗೆ ಬೇರೆ ವಸತಿಯೂ ಇದ್ದವು. ಬೀದರ್‌ಗೆ ಹೋದವರು ಸಾಮಾನ್ಯವಾಗಿ ನೀಲಿ ಹೆಂಚಿನ ಫೋಟೋ ತೆಗೆದು ಹೊರಟುಬಿಡುತ್ತಾರೆ. ಒಳಗಿನ ಆ ಸಣ್ಣ ಕೋಣೆಗಳಲ್ಲಿ ಒಂದು ನಿಮಿಷ ನಿಂತು ಬರುವುದು ಒಳ್ಳೆಯದು.

ಕೈರೋಗೆ ಮರಳೋಣ. ಜಬರ್ತಿಗಳ ರಿವಾಕ್‌ನ ಕಥೆ ಸೊಗಸಾದುದು. ಆಫ್ರಿಕಾದ ಕೊಂಬಿನ ಕಡೆಯ ಜಬರ್ತ್ ನಾಡಿನಿಂದ ಒಬ್ಬ ವಿದ್ಯಾರ್ಥಿ ಬಂದ. ತನ್ನ ನಾಡಿನವರ ರಿವಾಕ್‌ಗೆ ಶೇಖ್ ಆದ. ಆ ಹೊಣೆ ಅವನ ವಂಶದಲ್ಲೇ ಉಳಿಯಿತು. ಏಳನೆಯ ತಲೆಯಲ್ಲಿ ಹುಟ್ಟಿದವರೇ ನೆಪೋಲಿಯನ್ನನ ದಂಡು ಕೈರೋಗೆ ನುಗ್ಗಿದ್ದನ್ನು ಕಣ್ಣಾರೆ ಕಂಡು ಬರೆದ ಇತಿಹಾಸಕಾರ ಅಬ್ದುರ್ರಹ್ಮಾನ್ ಅಲ್-ಜಬರ್ತಿ.

1830ರ ದಶಕದಲ್ಲಿ ಕೈರೋದಲ್ಲಿದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ ಒಂದು ವಿಚಿತ್ರ ಸಂಗತಿ ದಾಖಲಿಸಿದ್ದಾನೆ. ಪರದೇಶಿ ವಿದ್ಯಾರ್ಥಿಗಳಿಗೆ ದಿನದ ಊಟ ಸಿಗುತ್ತಿತ್ತು, ಕೈರೋದ ಸ್ವಂತ ಹುಡುಗರಿಗೆ ರಮಝಾನ್ ಹೊರತು ಸಿಗುತ್ತಿರಲಿಲ್ಲ. ಕಾರಣ ಸರಳ. ಮುಹಮ್ಮದ್ ಅಲಿ ಪಾಷಾ ಮಸೀದಿಗಳ ವಕ್ಫ್ ಹೊಲಗಳನ್ನು ವಶಪಡಿಸಿಕೊಂಡಿದ್ದ. ಪರದೇಶಿಗಳ ರೊಟ್ಟಿ ಬರುತ್ತಿದ್ದುದು ಹೆಚ್ಚಾಗಿ ಮನೆಗಳ ಬಾಡಿಗೆಯಿಂದ, ಆದ್ದರಿಂದ ಅದು ಉಳಿದುಕೊಂಡಿತು. ವಕ್ಫ್ ಆಸ್ತಿ ಕೈಬಿಟ್ಟರೆ ಮೊದಲು ಬರಿದಾಗುವುದು ಯಾರ ತಟ್ಟೆ ಎಂದು ನಮ್ಮಲ್ಲಿ ವಕ್ಫ್ ಬಗ್ಗೆ ಮಾತನಾಡುವವರು ಇಲ್ಲಿ ನೋಡಬಹುದು.

ರಿವಾಕ್‌ಗಳು ಸ್ವರ್ಗವಾಗಿದ್ದವು ಎಂದು ನಾವು ಬರೆಯುವುದಿಲ್ಲ. ಇಕ್ಕಟ್ಟು, ರೊಟ್ಟಿಯ ಜಗಳ, ರೋಗ ಎಲ್ಲವೂ ಇದ್ದವು. 1896ರ ಕಾಲರಾ ಸಮಯದಲ್ಲಿ ಶಾಮಿಗಳ ರಿವಾಕ್‌ನಿಂದ ಕಾಯಿಲೆ ಬಿದ್ದ ಒಬ್ಬನನ್ನು ಕರೆದೊಯ್ಯಲು ಅಧಿಕಾರಿಗಳು ಬಂದರು. ಊರಿಂದ ದೂರವಿದ್ದ ಹುಡುಗರಿಗೆ ತಮ್ಮವನನ್ನು ಬಿಟ್ಟುಕೊಡಲು ಭಯ. ಕಲ್ಲು ತೂರಾಟವಾಯಿತು, ಪೊಲೀಸರು ಗುಂಡು ಹಾರಿಸಿದರು.

ರಿವಾಕ್‌ನಲ್ಲಿ ಜಾಗ ಸಿಗದವರು ಸುತ್ತಲಿನ ಹಳೆಯ ಕಟ್ಟಡಗಳಲ್ಲಿ ಕೋಣೆ ಹಿಡಿಯುತ್ತಿದ್ದರು. 1902ರಲ್ಲಿ ಮಿನ್ಯಾ ಕಡೆಯ ಹಳ್ಳಿಯಿಂದ ಅಂಥದೊಂದು ಕೋಣೆಗೆ ಅಣ್ಣನೊಂದಿಗೆ ಬಂದ ಕುರುಡು ಬಾಲಕ ತಾಹಾ ಹುಸೈನ್. ಮುಂದೆ ಅರಬಿ ಸಾಹಿತ್ಯದ ದೊಡ್ಡ ಹೆಸರಾದ ಅವರು ಆತ್ಮಕಥೆ 'ಅಲ್-ಅಯ್ಯಾಮ್'ನಲ್ಲಿ ಆ ದಿನಗಳನ್ನು ಬಿಚ್ಚಿಟ್ಟಿದ್ದಾರೆ. ಅಝ್ಹರ್‌ನ ರೊಟ್ಟಿಯಲ್ಲಿ ಹುಲ್ಲುಕಡ್ಡಿ, ಹುಳು ಸಿಗುತ್ತಿದ್ದವಂತೆ. ಅದನ್ನು ಅವರು ಸಹಿಸಿದರು. ಸಹಿಸಲಾಗದ್ದು ಸಂಜೆಗಳು. ಅಣ್ಣ ಗೆಳೆಯರ ಕೋಣೆಗೆ ಹೋದಾಗ ಹುಡುಗ ಒಬ್ಬನೇ ಮೂಲೆಯಲ್ಲಿ ಕೂತು ಸದ್ದುಗಳಿಗೆ ಹೆದರುತ್ತಿದ್ದ. ಚಿಕ್ಕಮ್ಮನ ಮಗ ಓದಲು ಕೈರೋಗೆ ಬಂದು ಜೊತೆಯಾದ ಮೇಲೆ ಆ ಒಂಟಿತನ ಹಗುರವಾಯಿತು. ಕೋಣೆ ಅದೇ, ರೊಟ್ಟಿ ಅದೇ.

1950ರ ದಶಕದಲ್ಲಿ ಈಜಿಪ್ಟ್ ಸರಕಾರ ಅಬ್ಬಾಸಿಯಾದಲ್ಲಿ ಪರದೇಶಿ ವಿದ್ಯಾರ್ಥಿಗಳಿಗೆಂದೇ 'ಮದೀನತುಲ್ ಬುಊಸ್' ಎಂಬ ವಸತಿ ನಗರ ಕಟ್ಟಿತು. ಹಾಸಿಗೆ, ಊಟದ ಮನೆ, ಮಸೀದಿ ಎಲ್ಲವೂ ಒಂದೇ ಆವರಣದಲ್ಲಿ. ಅಲ್ಲಿ ಸೇರದವರು ಇಂದಿಗೂ ನಸ್ರ್ ಸಿಟಿಯ ಕಡೆ ಫ್ಲ್ಯಾಟ್ ಹಂಚಿಕೊಳ್ಳುತ್ತಾರೆ, ಹೆಚ್ಚಾಗಿ ತಮ್ಮ ತಮ್ಮ ದೇಶದವರೊಂದಿಗೆ. ಮಲೇಷ್ಯಾದ ಕೆಲವು ರಾಜ್ಯಗಳಂತೂ ತಮ್ಮ ಮಕ್ಕಳಿಗಾಗಿ ಕೈರೋದಲ್ಲಿ ವಸತಿಗೃಹಗಳನ್ನೇ ಮಾಡಿಕೊಂಡಿವೆ. ಜೊಹೋರ್ ಮನೆ, ಸೆಲಂಗೋರ್ ಮನೆ ಎಂದು ಅವುಗಳನ್ನು ನಾಡಿನ ಹೆಸರಿನಿಂದಲೇ ಕರೆಯುತ್ತಾರೆ.